ಫ್ರೇಮ್ ಇಲ್ಲದ ಪಿಕಪ್ ಪಿಕಪ್ಪೇ ಅಲ್ವಾ?

ಪ್ರಶ್ನೆ: ನಾವು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇವೆ. ಇಬ್ಬರು ಮಕ್ಕಳು. ಹಿತ್ತಿಲ ತೋಟಕ್ಕೆ ಮಣ್ಣು, ಗೊಬ್ಬರ ತರಬೇಕು. ಆಗಾಗ 4,000 ಪೌಂಡ್ ತೂಗುವ ದೋಣಿಯ ಟ್ರೈಲರ್ ಎಳೆಯಬೇಕು. ಹೋಂಡಾ ರಿಡ್ಜ್‌ಲೈನ್ ಪಿಕಪ್ ಇಷ್ಟವಾಗಿದೆ. ಗೆಳೆಯರು ‘ಅದಕ್ಕೆ ಫ್ರೇಮೇ ಇಲ್ಲ, ಟೊಯೊಟಾ ಟಕೋಮಾ ತಗೋ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ರಿಡ್ಜ್‌ಲೈನ್ ತಗೊಳ್ಳಿ. ಅಪಘಾತವಾದ ಗಾಡಿಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ 12 ವರ್ಷ ದುಡಿದವನು ನಾನು. ಎರಡೂ ಬಗೆಯ ಗಾಡಿಗಳ ಹೊಟ್ಟೆ ನೋಡಿದ್ದೇನೆ.

ಟಕೋಮಾದ ಕೆಳಗೆ ಉಕ್ಕಿನ ಏಣಿ ಇದೆ, ಗೆಳೆಯರು ಫ್ರೇಮ್ ಎನ್ನುವುದು ಅದನ್ನೇ. ಕ್ಯಾಬಿನ್ ಒಂದು ಡಬ್ಬ, ಹಿಂದಿನ ತೊಟ್ಟಿ ಇನ್ನೊಂದು. ಎರಡನ್ನೂ ಏಣಿಯ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಇಂಥ ಗಾಡಿಯ ಒಂದು ಹಿಂದಿನ ಚಕ್ರವನ್ನು ದೊಡ್ಡ ಕಲ್ಲಿನ ಮೇಲೆ ಹತ್ತಿಸಿ, ಡಬ್ಬಗಳ ನಡುವಿನ ಸಂದು ನೋಡಿ. ಒಂದು ಡಬ್ಬ ನೆಟ್ಟಗಿದ್ದರೆ ಇನ್ನೊಂದು ವಾಲಿರುತ್ತದೆ. ಏಣಿ ತಿರುಚಿಕೊಂಡಿದೆ ಅಷ್ಟೆ. ಅದು ದೋಷವಲ್ಲ, ಹಾಗೆ ಬಳುಕಲೆಂದೇ ಮಾಡಿದ್ದು. ತೊಟ್ಟಿ ಜಜ್ಜಿಹೋದರೆ ಬೋಲ್ಟ್ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ರಿಡ್ಜ್‌ಲೈನ್‌ನಲ್ಲಿ ಆ ಸುಖವಿಲ್ಲ. ಜೋರು ಪೆಟ್ಟು ಬಿದ್ದರೆ ಇಡೀ ಗಾಡಿಯನ್ನೇ ಶೆಡ್ಡಿನ ಉಕ್ಕಿನ ಬೆಂಚಿಗೆ ಬಿಗಿದು ಎಳೆದು ನೆಟ್ಟಗೆ ಮಾಡಬೇಕು.

ಯಾಕೆಂದರೆ ಅದರ ನೆಲ, ಕಂಬ, ತೊಟ್ಟಿ ಎಲ್ಲ ಬೆಸೆದ ಒಂದೇ ಒಡಲು. ಹಿಂದಿನ ಚಕ್ರಗಳೂ ಒಂದಕ್ಕೊಂದು ಅಂಟಿಕೊಳ್ಳದೆ ಏರಿಳಿಯುತ್ತವೆ. ಹಾಗಾಗಿಯೇ ತೊಟ್ಟಿಯ ನೆಲದಡಿ ಮುಚ್ಚಳವಿರುವ ಡಿಕ್ಕಿಗೆ ಜಾಗ ಸಿಕ್ಕಿದೆ. ಐಸ್ ತುಂಬಿ ಮೀನು ತಂದರೂ ಆಯ್ತು, ಕೆಳಗಿನ ಬಿರಡೆ ತೆಗೆದರೆ ನೀರೆಲ್ಲ ಹೊರಗೆ.

ಈಗ ಭಾರದ ಮಾತು. ರಿಡ್ಜ್‌ಲೈನ್ 5,000 ಪೌಂಡ್ ಎಳೆಯುತ್ತದೆ, ನಿಮಗೆ ಧಾರಾಳ. ಹಳೆಯ ಗಾಡಿ ನೋಡುವುದಾದರೆ ನಾಲ್ಕೂ ಚಕ್ರ ಎಳೆಯುವುದನ್ನೇ ಕೇಳಿ. ಮುಂದಿನ ಎರಡೇ ಚಕ್ರ ಎಳೆಯುವುದಕ್ಕೆ ಮಿತಿ 3,500. ಆದರೆ ಹೊರುವ ಲೆಕ್ಕ ಬೇರೆ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ, ಗಾಡಿ ಒಟ್ಟು ಎಷ್ಟು ಪೌಂಡ್ ಹೊರಬಹುದು ಎಂದು ಬರೆದ ಚೀಟಿ ಇರುತ್ತದೆ. ಅದರಲ್ಲಿ 1,500 ಅಂತಿದೆ ಅಂದುಕೊಳ್ಳಿ. ನೀವು ನಾಲ್ವರು 500. ಟ್ರೈಲರಿನ ಮೂತಿ ಕೊಕ್ಕೆಯ ಮೇಲೆ ಸುಮಾರಾಗಿ ತೂಕದ ಹತ್ತನೇ ಒಂದು ಪಾಲು ಊರುತ್ತದೆ, ಅಂದರೆ 400. ಉಳಿದದ್ದು 600, 50 ಪೌಂಡಿನ ಮಣ್ಣಿನ ಚೀಲ ಹನ್ನೆರಡು. ಅದರ ಮೇಲೆ ಒಂದೂ ಜಾಸ್ತಿ ಹಾಕಬೇಡಿ. ಈ ಲೆಕ್ಕ ಟಕೋಮಾಕ್ಕೂ ಹೀಗೇ, ಏಣಿ ಇದೆ ಅಂತ ಸುಮ್ನೆ ತುಂಬುವ ಹಾಗಿಲ್ಲ.

ಬಂಡೆ ಹತ್ತಿಸುವ ಆಸೆಯಿದ್ದರೆ, ಇನ್ನೂ ದೊಡ್ಡ ದೋಣಿ ಕೊಳ್ಳುವ ಯೋಚನೆಯಿದ್ದರೆ ಮಾತ್ರ ಗೆಳೆಯರ ಮಾತು ಕೇಳಿ. ಓಡಿಸಿ ನೋಡಲು ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಹಿಂದಿನ ಸೀಟಿನಲ್ಲಿ ಕೂತವರಿಗೇ ಎರಡು ಗಾಡಿಗಳ ಕುಲುಕಾಟದ ವ್ಯತ್ಯಾಸ ಮೊದಲು ಗೊತ್ತಾಗುವುದು.