ಅಡ್ರಿನಲ್ ಗ್ರಂಥಿಯಲ್ಲಿ ನರಕೋಶದ ಗುರುತು

ಪ್ರಶ್ನೆ: ನಮ್ಮ ಬಂಧುವೊಬ್ಬರ ಅಡ್ರಿನಲ್ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ‘ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್ ಪಾಸಿಟಿವ್’ ಎಂದು ಬರೆದಿದ್ದಾರೆ. ನರಕೋಶದ ಪ್ರೋಟೀನುಗಳು ಗ್ರಂಥಿಯಲ್ಲೇಕೆ?
– ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಮೂತ್ರಪಿಂಡದ ಮೇಲಿರುವ ಈ ಗ್ರಂಥಿಯ ಹೊರಪದರ ಮತ್ತು ತಿರುಳು ಮೂಲದಲ್ಲೇ ಬೇರೆ ಬೇರೆ, ಅಡ್ರಿನಲಿನ್ ಸ್ರವಿಸುವ ತಿರುಳಿನ ಕ್ರೋಮಾಫಿನ್ ಕೋಶಗಳು ಭ್ರೂಣದ ನರಶಿಖೆಯಿಂದ (ಹಲವು ನರಕೋಶಗಳಿಗೂ ಮೂಲವಾದ ಕೋಶಗಳ ಗುಂಪು) ವಲಸೆ ಬಂದವಾದ್ದರಿಂದ ನರಕೋಶಗಳ ದಾಯಾದಿಗಳೇ ಆಗಿವೆ. ಈ ಕೋಶಗಳ ಬೆಳವಣಿಗೆಯ ಆರಂಭದಲ್ಲಿ ನರಶಿಖೆಯ ಗುರುತಾದ ಸಾಕ್ಸ್-10 ಪ್ರೋಟೀನ್ ಇರುತ್ತದೆ. ಅದು ಇಳಿದಂತೆ ಫಾಕ್ಸ್-ಟು-ಬಿ ಪ್ರೋಟೀನ್, ಅಡ್ರಿನಲಿನ್ ತಯಾರಿಕೆಗೆ ಬೇಕಾದ ಕಿಣ್ವ ಟೈರೊಸಿನ್ ಹೈಡ್ರಾಕ್ಸಿಲೇಸ್ ಮತ್ತು ಸ್ರಾವಕಣಗಳೊಳಗಿನ ಕ್ರೋಮೊಗ್ರಾನಿನ್ ಮೇಲುಗೈ ಪಡೆಯುತ್ತವೆ. ಕ್ರೋಮೊಗ್ರಾನಿನ್‌ಗೆ ಅಂಟುವ ಪ್ರತಿಕಾಯ ಹಾಕಿ ಬಣ್ಣ ಕಟ್ಟಿದ ಸ್ಲೈಡಿನಲ್ಲಿ ತಿರುಳು ಕಂದುಬಣ್ಣಕ್ಕೆ ತಿರುಗುತ್ತದೆ, ಹೊರಪದರ ನೀಲಿಯಾಗಿಯೇ ಉಳಿಯುತ್ತದೆ. ಸಿನಾಪ್ಟೊಫೈಸಿನ್ ಒಂದನ್ನೇ ನೆಚ್ಚುವಂತಿಲ್ಲ, ಏಕೆಂದರೆ ಹೊರಪದರದ ಗಡ್ಡೆಗಳಲ್ಲೂ ಅದು ಕಾಣಿಸುವುದುಂಟು. ‘ಪಾಸಿಟಿವ್’ ಎಂಬುದು ಕೋಶದ ಮೂಲವನ್ನು ಹೇಳುತ್ತದೆಯೇ ಹೊರತು ಕ್ಯಾನ್ಸರ್ ಇದೆಯೆಂದಲ್ಲ. ಕಲಬುರಗಿಯಲ್ಲಿ ತಜ್ಞರನ್ನು ಕಾಣುವಾಗ ವರದಿಯೊಂದಿಗೆ ಸ್ಲೈಡು ಮತ್ತು ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕುಗಳನ್ನೂ ಒಯ್ಯಿರಿ.