ಕ್ಯಾಡಿ ಕೆಲಸ ಮಾಡುತ್ತಲೇ ಗಾಲ್ಫ್ ಕಲಿತೆ, ಈಗ 18 ಹೋಲ್‌ಗಳ ರೌಂಡನ್ನು 73–74 ಹೊಡೆತದಲ್ಲಿ ಆಡುತ್ತೇನೆ. ಡಿಗ್ರಿ ಬಿಟ್ಟು ಪ್ರೊ (ದುಡ್ಡಿಗೆ ಆಡುವ ವೃತ್ತಿಪರ ಆಟಗಾರ) ಆಗಲಾ?

ನೀವು ಬರೆದಿದ್ದು ಇಷ್ಟು: ಚಿಕ್ಕಬಳ್ಳಾಪುರ, ಬಿಕಾಂ ಎರಡನೇ ವರ್ಷ, ಬೆಳಿಗ್ಗೆ ಕ್ಯಾಡಿಯಾಗಿ ಗಾಲ್ಫ್ ಆಟಗಾರರ ಬ್ಯಾಗ್ ಹೊರೋದು, ಮಧ್ಯಾಹ್ನ ಕಾಲೇಜು, ಸ್ಪಾನ್ಸರ್ ಸಿಗಬೇಕಂದರೆ ಪ್ರೊ ಆಗಲೇಬೇಕು. ಹೆಸರು ಬದಲಾಯಿಸಿದರೆ ಇದು ನಾನೇ ಕೇಳಿದ ಪ್ರಶ್ನೆ. ನಾನು ಡಿಗ್ರಿ ಬಿಟ್ಟೆ. ಆದರೆ ನಾನು ಕೆಟ್ಟಿದ್ದು ಡಿಗ್ರಿ ಬಿಟ್ಟಿದ್ದಕ್ಕಲ್ಲ.

ನಮ್ಮೂರು ನಂದಿ ಬೆಟ್ಟದ ಬುಡದಲ್ಲಿ. ಅಪ್ಪನಿಗೆ ಸ್ವಲ್ಪ ದ್ರಾಕ್ಷಿ ತೋಟ, ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ದೇವನಹಳ್ಳಿ ಕಡೆ ಗಾಲ್ಫ್ ಕೋರ್ಸ್‌ನಲ್ಲಿ ಕ್ಯಾಡಿಗಳು ಬೇಕಂತೆ ಅಂತ ಊರ ಹುಡುಗರ ಜೊತೆ ಹೋದವನು ಅಲ್ಲೇ ಅಂಟಿಕೊಂಡೆ. ವಾರಕ್ಕೊಂದು ದಿನ ಕ್ಯಾಡಿಗಳಿಗೂ ಆಡಲು ಬಿಡುತ್ತಿದ್ದರು. ಒಬ್ಬ ಮೆಂಬರ್ ತಮ್ಮ ಹಳೇ ಐರನ್ ಕ್ಲಬ್‌ಗಳ (ಗಾಲ್ಫ್ ಕೋಲುಗಳ) ಸೆಟ್ ಸುಮ್ನೆ ಕೊಟ್ಟರು. ದೂರ ಹೊಡೆಯೋ ಡ್ರೈವರ್ ಕ್ಲಬ್ ಮಾತ್ರ ಸೆಕೆಂಡ್ ಹ್ಯಾಂಡ್ ಕೊಂಡೆ, ಶಿಡ್ಲಘಟ್ಟದಲ್ಲಿ ಅಮ್ಮನ ಗೂಡಿಗೆ ಒಳ್ಳೇ ರೇಟ್ ಬಂದಿದ್ದ ಸಲ.

ನಮ್ಮ ದೇಶದ ಮುಖ್ಯ ಪ್ರೊ ಟೂರ್ (ಊರೂರಲ್ಲಿ ನಡೆಯೋ ಟೂರ್ನಿಗಳ ಸರಣಿ) ಅಂದರೆ ಪಿಜಿಟಿಐ, ಅಂದರೆ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, 2006ರಲ್ಲಿ ಶುರುವಾಗಿದ್ದು. ಅದರಲ್ಲಿ ಆಡಲು ಟೂರ್ ಕಾರ್ಡ್ ಬೇಕು, ಅದಕ್ಕೆ ಕ್ಯೂ ಸ್ಕೂಲ್ ಅನ್ನೋ ಅರ್ಹತಾ ಟೂರ್ನಿ ದಾಟಬೇಕು. ಮೊದಲು 36 ಹೋಲ್‌ಗಳ ಪ್ರೀ ಕ್ವಾಲಿಫೈಯಿಂಗ್, ಅಲ್ಲಿ ಮೇಲೆ ಬಂದವರಿಗೆ 72 ಹೋಲ್‌ಗಳ ಫೈನಲ್. ಎಂಟ್ರಿ ಫೀಸಿಗೆ ಅಪ್ಪ ಸಾಲ ಮಾಡಿದರು. ಫಾರ್ಮ್‌ನಲ್ಲಿ ಎದೆಯುಬ್ಬಿಸಿಕೊಂಡು ಪ್ರೊಫೆಷನಲ್ ಅಂತ ಬರೆದೆ. ರೈಲು ಹತ್ತಿದೆ. ಊರಿನ ಹೆಸರು ಬೇಡ ಬಿಡಿ, ಉತ್ತರದ ಕಡೆ.

ಮೊದಲ ದಿನ ಚೆನ್ನಾಗೇ ಆಡಿದೆ. ಎರಡನೇ ದಿನ ಇನ್ನೂ ಚೆನ್ನಾಗಿ. ಫೈನಲ್‌ಗೆ ಹೋಗುವಷ್ಟು ಸ್ಕೋರ್ ಇತ್ತು. ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ.

ಗಾಲ್ಫ್‌ನಲ್ಲಿ ನಿಮ್ಮ ಸ್ಕೋರ್ ನೀವು ಬರೆಯಲ್ಲ, ಜೊತೆಗೆ ಆಡುವವನು ಬರೀತಾನೆ. ಅವನಿಗೆ ಮಾರ್ಕರ್ ಅಂತಾರೆ. ಇದು ಕ್ಯಾಡಿಯಾಗಿದ್ದ ನಿಮಗೆ ಗೊತ್ತಿರುತ್ತೆ. ಹೊಡೆತ ಕಡಿಮೆ ಆದಷ್ಟೂ ಒಳ್ಳೇ ಸ್ಕೋರ್. ಆ ಎರಡನೇ ದಿನ ನನ್ನ ಮಾರ್ಕರ್ 12ನೇ ಹೋಲ್‌ನಲ್ಲಿ ತನ್ನ ಚೆಂಡನ್ನು ನೀರಿಗೆ ಹಾಕಿದ. ತಲೆ ಕೆಟ್ಟು ನನ್ನ 12, 13ರ ಸ್ಕೋರ್ ಎರಡನ್ನೂ ಒಟ್ಟಿಗೆ 14ನೇ ಹೋಲ್ ಶುರುವಾಗುವ ಟೀ ಮೇಲೆ ನಿಂತು ಬರೆದ. ಎರಡೂ ಪಾರ್ ನಾಲ್ಕರ ಹೋಲ್‌ಗಳು, ಅಂದರೆ ಒಳ್ಳೇ ಆಟಗಾರ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದವು. ನಾನು 12ರಲ್ಲಿ ನಾಲ್ಕು, 13ರಲ್ಲಿ ಐದು ಹೊಡೆದಿದ್ದೆ. ಅವನು 12ಕ್ಕೆ ಐದು, 13ಕ್ಕೆ ನಾಲ್ಕು ಬರೆದ. ಅದಲು ಬದಲು, ಅಷ್ಟೇ. ಟೋಟಲ್ ಒಂದೇ.

ರೌಂಡ್ ಮುಗಿದ ಮೇಲೆ ಟೆಂಟ್‌ನಲ್ಲಿ ಕೂತು ಒಂದೊಂದು ಹೋಲೂ ತಾಳೆ ನೋಡಿ ಸಹಿ ಹಾಕಬೇಕು. ಹೊರಗೆ ಕ್ಯಾಬ್ ಕಾಯುತ್ತಿತ್ತು. ಕೋರ್ಸ್ ಊರಿಂದ ದೂರ, ನಾನೂ ಅದೇ ಮಾರ್ಕರೂ ಬಾಡಿಗೆ ಅರ್ಧರ್ಧ ಹಂಚಿಕೊಂಡಿದ್ದೆವು. ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದಾನೆ, ವೇಟಿಂಗ್ ಚಾರ್ಜ್ ಅಂತಾನೆ. ಅದು ಹೋದರೆ ಇನ್ನೊಂದಕ್ಕೆ ಪೂರ್ತಿ ಬಾಡಿಗೆ ನಾನೇ ಕೊಡಬೇಕು ಅನ್ನೋ ಲೆಕ್ಕ ನನ್ನ ತಲೆಯಲ್ಲಿ. ಕಾರ್ಡ್‌ನ ಟೋಟಲ್ ಕೂಡಿಸಿದೆ. ಸರಿ ಇತ್ತು. ಸಹಿ ಹಾಕಿ ಓಡಿದೆ.

ಕ್ಯಾಬ್‌ನಲ್ಲಿ ಮೊಬೈಲ್‌ನಲ್ಲಿ ಸ್ಕೋರ್ ತೆರೆದು ನೋಡಿದರೆ 13ರಲ್ಲಿ ಪಾರ್ ಅಂತಿದೆ. ಪಕ್ಕದಲ್ಲಿದ್ದವನನ್ನು ಕೇಳಿದೆ. ಅವನ ಮುಖ ಬಿಳುಚಿಕೊಂಡಿತು. ನಾನೇ ಫೋನ್ ಮಾಡಿ ರೆಫರಿಗೆ ಹೇಳಿದೆ. ಡಿಸ್‌ಕ್ವಾಲಿಫೈ.

ನಿಯಮ ಹೀಗಿದೆ. ಟೋಟಲ್‌ಗೆ ಆಟಗಾರ ಜವಾಬ್ದಾರನಲ್ಲ, ಅದನ್ನು ಕಮಿಟಿ ಕೂಡಿಸುತ್ತೆ. ಆಟಗಾರನ ಜವಾಬ್ದಾರಿ ಪ್ರತಿ ಹೋಲ್‌ನ ಅಂಕಿ. ಯಾವುದಾದರೂ ಹೋಲ್‌ಗೆ ಹೊಡೆದದ್ದಕ್ಕಿಂತ ಜಾಸ್ತಿ ಬರೆದು ಸಹಿ ಹಾಕಿದರೆ ಆ ಜಾಸ್ತಿಯೇ ನಿಲ್ಲುತ್ತೆ. ಕಡಿಮೆ ಬರೆದಿದ್ದರೆ ಆಟದಿಂದಲೇ ಹೊರಗೆ. 12ರಲ್ಲಿ ನನಗೆ ಒಂದು ನಷ್ಟ, 13ರಲ್ಲಿ ಒಂದು ಲಾಭ. ನಷ್ಟಕ್ಕೂ ಲಾಭಕ್ಕೂ ವಜಾ ಆಯ್ತಲ್ಲ ಸಾರ್ ಅಂತ ಬೇಡಿಕೊಂಡೆ. ಹಾಗೆಲ್ಲ ಆಗಲ್ಲ. 1968ರಲ್ಲಿ ಅಮೆರಿಕದ ದೊಡ್ಡ ಟೂರ್ನಿ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೇ ಹೋಲ್‌ನಲ್ಲಿ ಮೂರು ಹೊಡೆದಿದ್ದರು, ಮಾರ್ಕರ್ ನಾಲ್ಕು ಬರೆದ. ನೋಡದೆ ಸಹಿ ಹಾಕಿದ್ದಕ್ಕೆ ನಾಲ್ಕೇ ನಿಂತಿತು, ಒಂದೇ ಒಂದು ಹೊಡೆತದಲ್ಲಿ ಪ್ಲೇ ಆಫ್ (ಸಮ ಬಂದವರ ನಡುವೆ ಗೆದ್ದವರು ಯಾರೆಂದು ತೀರ್ಮಾನಿಸುವ ಆಟ) ತಪ್ಪಿತು. ಅಂಥವರಿಗೇ ವಿನಾಯಿತಿ ಸಿಗಲಿಲ್ಲ, ನಾನ್ಯಾವ ಲೆಕ್ಕ.

ಮಾರ್ಕರ್ ಮೇಲೆ ಬಹಳ ದಿನ ಸಿಟ್ಟಿತ್ತು. ಈಗಿಲ್ಲ. ಬರೆದವನು ಅವನು, ಓದದೆ ಸಹಿ ಹಾಕಿದವನು ನಾನು. ಯಾಕೆ ಓದಲಿಲ್ಲ? ಸೋಮಾರಿತನ ಅಲ್ಲ, ಸೊಕ್ಕೂ ಅಲ್ಲ. ಜೇಬಲ್ಲಿ ಅರ್ಧ ಕ್ಯಾಬ್‌ಗೆ ಮಾತ್ರ ದುಡ್ಡಿತ್ತು. ಅಪ್ಪನ ಸಾಲ, ಫೀಸು, ಲಾಡ್ಜು, ರೈಲು, ಎಲ್ಲಾ ಹೋಗಿ ಒಂದು ಕ್ಯಾಬ್ ಬಾಡಿಗೆ ಉಳಿಸಲು ಒದ್ದಾಡಿದೆ. ದುಡ್ಡಿಲ್ಲದವನ ತಲೆ ಯಾವಾಗಲೂ ಮುಂದಿನ ಖರ್ಚಿನ ಮೇಲೇ ಇರುತ್ತೆ, ಮುಂದಿರುವ ಪಟ್ (ಚೆಂಡನ್ನು ಗುಂಡಿಗೆ ಉರುಳಿಸೋ ಹೊಡೆತ) ಮೇಲೆ ಇರಲ್ಲ.

ಆಮೇಲೆ? ಟೂರ್ ಕಾರ್ಡ್ ಇಲ್ಲದ ಪ್ರೊ ಆಗಿ ವಾಪಸ್ ಬಂದೆ. ಅಮೆಚೂರ್ (ಹವ್ಯಾಸಿ, ಪ್ರೊ ಅಲ್ಲದವರ) ಟೂರ್ನಿಗಳಲ್ಲೂ ಆಡುವಂತಿಲ್ಲ. ಮತ್ತೆ ಅಮೆಚೂರ್ ಆಗಬೇಕಂದರೆ ಅರ್ಜಿ ಹಾಕಿ ಕಾಯಬೇಕು. ಅತ್ತ ಪುಲಿ ಇತ್ತ ದರಿ ಅಂತಾರಲ್ಲ, ಹಾಗಾಯ್ತು. ಸಾಲ ತೀರಿಸಲು ಕಲಿಸೋ ಕೆಲಸಕ್ಕೆ ಸೇರಿದೆ. ಈಗ ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲಿ ಮಕ್ಕಳಿಗೂ ಐಟಿಯವರಿಗೂ ಪಾಠ ಹೇಳುತ್ತೇನೆ. ಬೇಜಾರಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನಗನಿಸುತ್ತೆ. ಡಿಗ್ರಿಯಾ ಗಾಲ್ಫಾ ಅನ್ನೋದು ವಿಷಯವೇ ಅಲ್ಲ. ಡಿಗ್ರಿ ನಿಮ್ಮ ಪಟ್‌ಗೆ ಅಡ್ಡ ಬರಲ್ಲ. ಒಂದು ಸೀಸನ್ನಿನ ಖರ್ಚು ಕೈಯಲ್ಲಿದೆಯಾ? ಅದು ಪ್ರಶ್ನೆ. ಸಾಮಾನ್ಯವಾಗಿ ಎರಡು ರೌಂಡ್ ಆದ ಮೇಲೆ ಕಟ್ ಬೀಳುತ್ತೆ, ಅಂದರೆ ಹಿಂದೆ ಬಿದ್ದವರನ್ನು ಹೊರಗೆ ಹಾಕ್ತಾರೆ. ಹಾಗೆ ಹೊರಬಿದ್ದವನಿಗೆ ಬಹುಮಾನದ ಹಣ ಸೊನ್ನೆ. ಫೀಸು, ಕ್ಯಾಡಿ, ಓಡಾಟ ಎಲ್ಲಾ ನಿಮ್ಮದೇ. ಅದೂ ಒಂದು ವಾರವಲ್ಲ, ಊರಿಂದ ಊರಿಗೆ ಇದೇ ಕಥೆ. ಕೋಲಾರ, ಚಿಕ್ಕಬಳ್ಳಾಪುರದ ಹುಡುಗರಿಗೆ ಪ್ರತಿಭೆ ಕಡಿಮೆ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಬಿಡದಿ ಹತ್ತಿರ ಹಳ್ಳಿಯಿಂದ ಬಂದ ಗಾಲ್ಫ್ ಆಟಗಾರ ಚಿಕ್ಕರಂಗಪ್ಪ ಟೂರ್‌ನಲ್ಲಿ ಗೆದ್ದು ತೋರಿಸಿದ್ದಾರೆ. ಆದರೆ ಅವರು ಅಮೆಚೂರ್ ಆಗಿ ಹೆಸರು ಮಾಡಿ, ಒಳ್ಳೇ ಕೋಚ್ ಬೆನ್ನಿಗಿದ್ದು, ಆಮೇಲೆ ಪ್ರೊ ಆದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದ ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ಅಲ್ಲಿ ಬ್ಯಾಗ್ ಹೊತ್ತವರು ಅವರ ತಾಯಿ. ರಿಯೋದಲ್ಲಿ ತಂದೆ. ಮನೆಯೇ ಹಿಂದೆ ನಿಂತಿತ್ತು.

ಇನ್ನೊಂದು. ಸ್ಪಾನ್ಸರ್ ಸಿಗಬೇಕಂದರೆ ಪ್ರೊ ಆಗಲೇಬೇಕು ಅಂತ ನೀವು ಬರೆದಿದ್ದೀರಿ. ಅದು ಹಳೇ ಮಾತು. 2022ರಿಂದ ಅಮೆಚೂರ್ ನಿಯಮ ಸಡಿಲವಾಗಿದೆ. ಅಮೆಚೂರ್ ಆಗಿದ್ದುಕೊಂಡೇ ಸ್ಪಾನ್ಸರ್ ಹತ್ತಿರ ಹಣ, ಕ್ಲಬ್ಬು, ಓಡಾಟದ ಖರ್ಚು ತಗೋಬಹುದು. ದುಡ್ಡು ತಗೊಂಡು ಪಾಠ ಹೇಳಿದರೆ ಮಾತ್ರ ಸಾಮಾನ್ಯವಾಗಿ ಅಮೆಚೂರ್ ಸ್ಥಾನ ಹೋಗುತ್ತೆ, ಅದರ ಬಗ್ಗೆ ಹುಷಾರು. ನನ್ನ ಕಾಲಕ್ಕೆ ಈ ಅನುಕೂಲ ಇರಲಿಲ್ಲ, ನಿಮಗಿದೆ. ಬಿಕಾಂ ಮುಗಿಸಿ, ಅಷ್ಟರಲ್ಲಿ ರಾಜ್ಯದ, ದೇಶದ ಅಮೆಚೂರ್ ಟೂರ್ನಿಗಳನ್ನು ಆಡಿ. ಸಾಲ ಮಾಡಿ ಕ್ಯೂ ಸ್ಕೂಲ್‌ಗೆ ಹೋಗಬೇಡಿ. ಇದರಲ್ಲಿ ನಾನು ರಾಜಿ ಆಗಲ್ಲ.

73–74 ಅಂದಿರಲ್ಲ, ಅದು ಯಾವ ಲೆಕ್ಕದ್ದು? ಕ್ಯಾಡಿಗಳು ಆಡುವಾಗ ಎರಡಡಿ ಪಟ್ ಇದ್ದರೆ ಗಿಮ್ಮಿ ಅಂತ ಎತ್ತಿಕೊಂಡು ಬಿಡ್ತೀವಿ, ಅಲ್ವಾ? ಹೊಡೆತ ಎಣಿಸೋ ಟೂರ್ನಿಯಲ್ಲಿ ಗಿಮ್ಮಿ ಇಲ್ಲ, ಆರಿಂಚು ಇದ್ದರೂ ಗುಂಡಿಗೆ ಹಾಕಬೇಕು. ಯಾವತ್ತಾದರೂ ದೇವನಹಳ್ಳಿ ಕಡೆ ಬಂದರೆ ಮೆಸೇಜ್ ಹಾಕಿ. ಬಿಡುವು ಮಾಡಿಕೊಂಡು ನಿಮ್ಮ ಜೊತೆ ನಡೆದು, ನಿಮ್ಮ ಕಾರ್ಡ್ ನಾನೇ ಬರೀತೀನಿ.