ರಾಜ್ಯದ ಗಡಿ ಬರೀ ನಕ್ಷೆಯ ಗೆರೆಯೇ? ಪೆರ್ಲದ ಕಡೆಯವನ ಉತ್ತರ

ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಗಡಿಯಾಚೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲೋ ಉಪ್ಪಳದಲ್ಲೋ ಬಾಡಿಗೆಗೆ ಮನೆ ಹಿಡಿಯುವ ಯೋಚನೆ ಇದೆ, ರಾಜ್ಯ ಬೇರೆಯಾದರೆ ನಿತ್ಯದ ಬದುಕಿಗೆ ವ್ಯತ್ಯಾಸ ಏನಾದರೂ ಆಗುತ್ತದಾ, ಒಂದೇ ದೇಶದೊಳಗಿನ ಗಡಿ ಬರೀ ನಕ್ಷೆಯ ಗೆರೆ ಅಲ್ಲವಾ ಎಂದು ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಅದೇ ಜಿಲ್ಲೆಯ ಪೆರ್ಲ ಮತ್ತು ಅಡ್ಕಸ್ಥಳದ ನಡುವೆ. ಗಡಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಮಂಗಳೂರಿನಲ್ಲಿ ಓದಿದೆ, ಅಲ್ಲೇ ಕೆಲಸ ಮಾಡಿದೆ, ಅಕ್ಕನನ್ನು ಕೊಟ್ಟದ್ದು ಗಡಿಯಾಚೆ ಕರ್ನಾಟಕದ ಅಡ್ಯನಡ್ಕಕ್ಕೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ದಾರಿ ಹಳೆಯದು, ಗಡಿ ಹೊಸದು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ಸರಕಾರದ ಕೈಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲಾ ಕಚೇರಿ ಮಂಗಳೂರು, ಜಿಲ್ಲಾ ಕೋರ್ಟು ಮಂಗಳೂರು, ಕಾಯಿಲೆ ಜೋರಾದರೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ. ಅದು 1848ರಿಂದ ಇರುವ ಆಸ್ಪತ್ರೆ. ಮಲಬಾರಿನಿಂದ ಬಂದ ರೈಲು ಹಳಿ ಕಾಸರಗೋಡು ದಾಟಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಅಂದರೆ ಬಸ್ಸು, ರೈಲು, ಅಡಿಕೆ ಗಾಡಿ, ಮದುವೆ ದಿಬ್ಬಣ ಎಲ್ಲವೂ ಉತ್ತರಕ್ಕೆ ಮುಖ ಮಾಡಿ ಅಭ್ಯಾಸವಾದ ಮೇಲೆ ನಡುವೆ ಗೆರೆ ಎಳೆದರು. ಒಂದು ಬೆಳಗ್ಗೆ ಎದ್ದಾಗ ಐವತ್ತು ಕಿಲೋಮೀಟರ್ ದೂರದ ಮಂಗಳೂರು ಪರರಾಜ್ಯವಾಗಿತ್ತು, ಐನೂರು ಕಿಲೋಮೀಟರಿಗೂ ಆಚೆಯ ತಿರುವನಂತಪುರ ನಮ್ಮ ರಾಜಧಾನಿಯಾಗಿತ್ತು. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಆ ವರದಿ ಜಾರಿಯಾಗಲಿಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿನ ಕೊನೆಯವರೆಗೂ ಆ ಕೊರಗನ್ನು ಹೇಳುತ್ತಲೇ ಇದ್ದರು. ಆ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ನಮ್ಮ ಹಿರಿಯರ ಕಾಲು ಯಾವ ಕಡೆ ನಡೆದು ರೂಢಿಯಾಗಿತ್ತೋ ಇವತ್ತಿಗೂ ನಾವು ಅದೇ ಕಡೆ ನಡೆಯುತ್ತೇವೆ, ಇದನ್ನು ಮಾತ್ರ ನೀವು ತಿಳಿದಿರಬೇಕು.

ಅಡಿಕೆಯನ್ನೇ ನೋಡಿ. ನಮ್ಮ ತೋಟದ ಅಡಿಕೆ ಕೇರಳದ ನೀರು ಕುಡಿದು ಬೆಳೆಯುತ್ತದೆ, ಅದರ ಧಾರಣೆ ಮಂಗಳೂರಿನಲ್ಲಿ ನಿಲ್ಲುತ್ತದೆ. ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿ ಬೇರೆ, ಪಟೋರ ಬೇರೆ, ಉಳ್ಳಿ ಬೇರೆ ಎಂದು ಆರಿಸಿ ಗೋಣಿಗೆ ತುಂಬಿದ ಮೇಲೆ ಅಪ್ಪ ಕೇಳುತ್ತಿದ್ದದ್ದು ಗಡಿಯಾಚೆಯ ವಿಟ್ಲದ ರೇಟು, ಪುತ್ತೂರಿನ ರೇಟು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಶುರುವಾದಾಗ ಅದನ್ನು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಘವಾಗಿಯೇ ಕಟ್ಟಿದರು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಆದ ಅತಿ ವಿವೇಕದ ಕೆಲಸ ಅದು. ಬೆಳೆ ಎಲ್ಲಿಯವರೆಗೆ ಇದೆಯೋ ಸಂಘ ಅಲ್ಲಿಯವರೆಗೆ ಇರಲಿ ಎಂದು ಯೋಚಿಸಿದರು. ತೆಂಗು, ಅಡಿಕೆಯ ಸಂಶೋಧನೆಯೂ ಹಾಗೆಯೇ: ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇರುವುದು ಕಾಸರಗೋಡಿನಲ್ಲಿ, ಅದರ ಅಡಿಕೆ ಸಂಶೋಧನೆಯ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿ.

ತೆರಿಗೆ ಮಾತ್ರ ಹಾಗೆ ಯೋಚಿಸಲಿಲ್ಲ. ಎರಡು ರಾಜ್ಯಕ್ಕೆ ಎರಡು ತೆರಿಗೆ ಇದ್ದ ಕಾಲದಲ್ಲಿ ರಾತ್ರಿ ಒಳದಾರಿಗಳಲ್ಲಿ ಅಡಿಕೆ ದಾಟುತ್ತಿತ್ತು, ಇದು ಊರಿನಲ್ಲಿ ಗುಟ್ಟೇನೂ ಆಗಿರಲಿಲ್ಲ. ಸ್ವಂತ ತೋಟದ ನಾಲ್ಕು ಗೋಣಿ ಅಡಿಕೆಯನ್ನು ಜೀಪಿನಲ್ಲಿ ಹಾಕಿಕೊಂಡು ಹೋಗುವ ಕೃಷಿಕನೂ ಚೆಕ್‌ಪೋಸ್ಟಿನ ಎದುರು ಕಳ್ಳನ ಹಾಗೆ ನಿಲ್ಲಬೇಕಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಆ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. ಗಡಿ ಹಗುರಾದದ್ದನ್ನು ನಾನು ಕಣ್ಣಾರೆ ಕಂಡ ಒಂದೇ ಸಲ ಅದು.

ಗಡಿ ಭಾರವಾದದ್ದನ್ನೂ ಕಂಡಿದ್ದೇನೆ. 2020ರ ಮಾರ್ಚ್ ಕೊನೆಯ ವಾರ, ಕೊರೊನಾದ ಮೊದಲ ಲಾಕ್‌ಡೌನ್. ಕರ್ನಾಟಕ ಗಡಿ ಮುಚ್ಚಿತು, ಗಡಿಯ ತಲಪಾಡಿಯ ಹೆದ್ದಾರಿಯಿಂದ ಹಿಡಿದು ಒಳಗಿನ ಪಂಚಾಯತ್ ರಸ್ತೆಗಳವರೆಗೆ ಆಚೆ ಹೋಗುವ ದಾರಿಗಳಿಗೆಲ್ಲ ಮಣ್ಣು ಬಿತ್ತು. ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೊರಟ ಆಂಬ್ಯುಲೆನ್ಸುಗಳು ವಾಪಸು ಬಂದವು, ದಾರಿ ಸಿಗದೆ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರಸ್ತೆ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ತುರ್ತು ರೋಗಿಗಳನ್ನು ಬಿಡುವ ಒಪ್ಪಂದ ಆಗುವಾಗ ಏಪ್ರಿಲ್ 7. ರೋಗದ ಹೆದರಿಕೆ ಎಲ್ಲರಿಗೂ ಇತ್ತು, ನಮಗೂ ಇತ್ತು. ಆದರೆ ಡಯಾಲಿಸಿಸ್ ಮಾಡಿಸಬೇಕಾದವರಿಗೆ ವಾರದಲ್ಲಿ ಎರಡು ಮೂರು ಸಲ ಹೋಗಲೇಬೇಕು, ಹೆರಿಗೆಗೆ ದಿನ ಮುಂದೆ ಹಾಕಲು ಬರುವುದಿಲ್ಲ. ಒಂದು ಜಿಲ್ಲೆಗೆ ಜಿಲ್ಲೆಯೇ ಪಕ್ಕದ ರಾಜ್ಯದ ಆಸ್ಪತ್ರೆಯನ್ನು ನಂಬಿ ಬದುಕುತ್ತಿತ್ತು ಎಂಬುದು ಹೊರಗಿನವರಿಗೆ ಗೊತ್ತಾದದ್ದು ಆಗಲೇ. ನಮ್ಮ ಜಿಲ್ಲೆಯದ್ದೇ ಆದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಅದರ ಬಾಗಿಲನ್ನು ಕೋವಿಡ್ ಆಸ್ಪತ್ರೆ ಎಂದು ತೆರೆದದ್ದು ಆ ಏಪ್ರಿಲಿನಲ್ಲಿ.

ಅಪ್ಪನ ಬಿಪಿ ಮಾತ್ರೆ ತೀರಿತ್ತು. ಪೆರ್ಲದ ಅಂಗಡಿಯಲ್ಲಿ ಆ ಕಂಪೆನಿಯದ್ದು ಇರಲಿಲ್ಲ. ಬಾವ ವಿಟ್ಲದಿಂದ ತಂದು ಬೈಕಿನಲ್ಲಿ ಬಂದ, ನಾನೂ ಅಮ್ಮನೂ ಗುಡ್ಡೆ ಇಳಿದು ಹೋದೆವು. ರಸ್ತೆಗೆ ಅಡ್ಡ ಸೊಂಟದೆತ್ತರಕ್ಕೆ ಕೆಂಪು ಮಣ್ಣು, ಒಳಗೆ ಮುರಕಲ್ಲಿನ ಚೂರು. ಬಾವ ಮಾತ್ರೆಯ ಪ್ಲಾಸ್ಟಿಕ್ ತೊಟ್ಟೆಯನ್ನು ಮಣ್ಣಿನ ಮೇಲೆ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿದ. ನಾನು ಹೋಗಿ ತೆಗೆದುಕೊಂಡೆ. ಅಮ್ಮ ಒಂದು ಗುಜ್ಜೆಯನ್ನೂ (ಎಳೆ ಹಲಸು) ಬಾಳೆ ಎಲೆಯಲ್ಲಿ ಸುತ್ತಿದ ಸಾಂತಾಣಿಯನ್ನೂ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಅದೇ ಜಾಗದಲ್ಲಿ ಇಟ್ಟಳು. "ಅವಳು ಹೇಗಿದ್ದಾಳೆ?" ಎಂದು ಕೇಳಿದಳು. "ಇದ್ದಾಳೆ ಅತ್ತೆ, ಬರುತ್ತೇನೆ ಎಂದಳು, ನಾನೇ ಬೇಡ ಎಂದೆ" ಎಂದ ಬಾವ. ಅಷ್ಟೇ ಮಾತು. ಅವನ ಹಿಂದೆ ನೂರು ಮಾರು ದೂರದಲ್ಲಿ ಅಕ್ಕನ ಮನೆಗೆ ತಿರುಗುವ ದಾರಿಯ ಮಾವಿನ ಮರ ಕಾಣುತ್ತಿತ್ತು. ಎರಡು ಬೇಸಗೆ ಮಳೆ ಬಿದ್ದ ಮೇಲೆ ಆ ಮಣ್ಣಿನಲ್ಲಿ ಹುಲ್ಲು ಹುಟ್ಟಿತು. ರಸ್ತೆಯ ಮೇಲೆ ಹುಲ್ಲು ನೋಡಿದ್ದು ನಾನು ಅದೇ ಮೊದಲು.

ಮರುವರ್ಷ ಮಣ್ಣಿರಲಿಲ್ಲ, ಕಾಗದ ಇತ್ತು. 2021ರಲ್ಲಿ ಕೇರಳದಿಂದ ಬರುವವರು ಆರ್‌ಟಿಪಿಸಿಆರ್ ನೆಗೆಟಿವ್ ತೋರಿಸಬೇಕು ಎಂದಾಗ ದಿನವೂ ಕಾಲೇಜಿಗೆ, ಅಂಗಡಿ ಕೆಲಸಕ್ಕೆ ಹೋಗುವವರ ಗತಿ ಏನಾಯಿತು ಊಹಿಸಿ. ಮಂಜೇಶ್ವರ, ಕುಂಬಳೆ ಕಡೆಯ ಕೆಲವರು ಆಗಲೇ ಮಂಗಳೂರಿನಲ್ಲಿ ರೂಮು ಮಾಡಿದರು. ನನ್ನ ಜತೆ ಕೆಲಸಕ್ಕಿದ್ದ ಇಬ್ಬರು ಹಾಗೆ ಹೋದವರು ಮತ್ತೆ ಊರಿಗೆ ಬರಲೇ ಇಲ್ಲ. ವಲಸೆ ಎಂದರೆ ಗಂಟುಮೂಟೆ ಕಟ್ಟಿಕೊಂಡು ದೂರದೇಶಕ್ಕೆ ಹೋಗುವುದು ಎಂದುಕೊಳ್ಳುತ್ತೇವೆ. ದಿನಾ ಹೋಗಿ ಬರುವ ದಾರಿ ಕಷ್ಟವಾದಾಗ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆಗೆ ಮನೆ ಬದಲಿಸುವುದೂ ವಲಸೆಯೇ, ಯಾವ ಲೆಕ್ಕಕ್ಕೂ ಸಿಗದ ವಲಸೆ.

ದೂರದೇಶದ ದಾರಿಯೂ ಮಂಗಳೂರಿನ ಮೇಲೆಯೇ ಹೋಗುತ್ತಿತ್ತು. ಕಾಸರಗೋಡಿನ ಗಲ್ಫ್ ಮಂದಿ ವಿಮಾನ ಹತ್ತುತ್ತಿದ್ದದ್ದು ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಯಲ್ಲಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಕಣಿವೆಗೆ ಬಿದ್ದು 158 ಜನ ಹೋದಾಗ ಕಾಸರಗೋಡಿನಿಂದ ಮಂಗಳೂರಿನವರೆಗಿನ ಊರುಗಳಲ್ಲಿ ಒಟ್ಟಿಗೇ ಸೂತಕವಾಯಿತು. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ದಕ್ಷಿಣ ಭಾಗದವರು ಆ ಕಡೆ ತಿರುಗಿದರು. ನಮ್ಮ ಕಡೆಯವರಿಗೆ ಈಗಲೂ ಬಜಪೆಯೇ ಹತ್ತಿರ.

ಈಗ ನಿಮ್ಮ ಮನೆ ವಿಷಯಕ್ಕೆ ಬರುತ್ತೇನೆ. ಮಂಜೇಶ್ವರ, ಉಪ್ಪಳದಲ್ಲಿ ಭಾಷೆಗೆ ಹೆದರಬೇಡಿ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಂದೇ ಪೇಟೆಯಲ್ಲಿ ಕೇಳುತ್ತದೆ. ಮಂಗಳೂರಿನಲ್ಲಿ "ದುಂಬು ಪೋಲೆ" ಎಂದು ತುಳುವಿನಲ್ಲಿ ಜನರನ್ನು ಮುಂದೆ ಕಳಿಸಿದ ಕಂಡಕ್ಟರೇ ತಲಪಾಡಿ ದಾಟಿದ ಮೇಲೆ ಮಲಯಾಳದಲ್ಲಿ ಚಿಲ್ಲರೆ ಕೇಳುವುದು ನಮಗೆ ವಿಶೇಷವೇ ಅಲ್ಲ.

ವ್ಯತ್ಯಾಸ ಬರುವುದು ಕಾಗದಪತ್ರದಲ್ಲಿ. ಅಮ್ಮ ಮತ್ತು ಅಕ್ಕ ವಿಟ್ಲದಲ್ಲಿ ಪುತ್ತೂರಿನ ಸರಕಾರಿ ಬಸ್ಸು ಹತ್ತಿದರೆ ಒಂದೇ ಸೀಟಿನಲ್ಲಿ ಕೂರುತ್ತಾರೆ. ಅಕ್ಕನ ಆಧಾರಿನಲ್ಲಿ ಕರ್ನಾಟಕದ ವಿಳಾಸ, ಅವಳಿಗೆ 2023ರಿಂದ ಶಕ್ತಿ ಯೋಜನೆಯ ಉಚಿತ ಟಿಕೆಟು. ಅಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಾಳೆ. ನಿಮ್ಮ ಮನೆಯ ಹೆಂಗಸರ ವಿಳಾಸ ಕೇರಳಕ್ಕೆ ಬದಲಾದರೆ ಅವರೂ ಅಮ್ಮನ ಹಾಗೆ ದುಡ್ಡು ಕೊಡಬೇಕು. ರೇಷನ್ ಕಾರ್ಡು, ಮತ್ತೆ ರಾಜ್ಯ ಸರಕಾರದ ಸವಲತ್ತು ಯಾವುದಿದ್ದರೂ ವಿಳಾಸದ ಹಿಂದೆಯೇ ಹೋಗುತ್ತದೆ. ಕೆಎ ನಂಬರಿನ ಗಾಡಿಯನ್ನು ವರ್ಷಕ್ಕಿಂತ ಹೆಚ್ಚು ಕೇರಳದಲ್ಲಿ ಇಟ್ಟುಕೊಂಡರೆ ರಿಜಿಸ್ಟ್ರೇಶನ್ ಬದಲಿಸಬೇಕು ಎನ್ನುತ್ತದೆ ಕಾನೂನು.

ಮಕ್ಕಳಿದ್ದರೆ ಶಾಲೆಯನ್ನು ಮನೆಗಿಂತ ಮೊದಲು ಯೋಚಿಸಿ. ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಸರಕಾರಿ ಮತ್ತು ಅನುದಾನಿತ ಶಾಲೆಗಳಿವೆ, ಒಳ್ಳೆಯ ಅಧ್ಯಾಪಕರಿದ್ದಾರೆ, ನಾನು ಕಲಿತದ್ದೂ ಅಂಥದರಲ್ಲೇ. ಆದರೆ 2017ರಲ್ಲಿ ಕೇರಳ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಆ ಆತಂಕ ಇನ್ನೂ ಹೋಗಿಲ್ಲ. ಮುಂದೆ ಮಗು ಕರ್ನಾಟಕದ ಸಿಇಟಿಗೆ ಕೂರುವಾಗ ಕರ್ನಾಟಕದಲ್ಲಿ ಎಷ್ಟು ವರ್ಷ ಕಲಿತದ್ದು ಎಂದು ಕೇಳುತ್ತಾರೆ. ಗಡಿನಾಡ ಕನ್ನಡಿಗ ಎಂಬ ವಿಭಾಗ ಇದೆ, ಅದಕ್ಕೆ ಕನ್ನಡ ಬರುತ್ತದೆ ಎಂದು ಪರೀಕ್ಷೆ ಬರೆದು ತೋರಿಸಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಇದ್ದ ಮಕ್ಕಳು ಅಲ್ಲಿ ಹೋಗಿ ಕನ್ನಡ ಬರುತ್ತದೆ ಎಂದು ಸಾಬೀತು ಮಾಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಯಾಣಕ್ಕೆ ನನ್ನ ಆಯ್ಕೆ ರೈಲು. ತಿಂಗಳ ಸೀಸನ್ ಟಿಕೆಟು ಮಾಡಿಸಿದರೆ ಉಪ್ಪಳ, ಮಂಜೇಶ್ವರದಿಂದ ಮಂಗಳೂರು ಸೆಂಟ್ರಲ್‌ಗೆ ಸಲೀಸು, ಖರ್ಚೂ ಕಡಿಮೆ. ರೈಲಿನ ಮಟ್ಟಿಗೆ ಗಡಿಯೇ ಇಲ್ಲ. ಮಂಗಳೂರು ಸೆಂಟ್ರಲ್ ಇರುವುದೇ ಕೇರಳದ ಪಾಲಕ್ಕಾಡು ರೈಲ್ವೆ ವಿಭಾಗದಲ್ಲಿ. ಇದನ್ನು ಮಂಗಳೂರಿನವರು ಬೇಸರದಿಂದ ಹೇಳುತ್ತಾರೆ, ಅವರ ಬೇಸರಕ್ಕೆ ಕಾರಣವೂ ಇದೆ, ಆದರೆ ಬೆಳಗ್ಗಿನ ರೈಲಿನಲ್ಲಿ ತೂಗಿಕೊಂಡು ಕಾಲೇಜಿಗೆ ಹೋದ ನನ್ನಂಥವರಿಗೆ ಆ ಹಳಿ ದೊಡ್ಡ ಉಪಕಾರ ಮಾಡಿದೆ.

ಹೆದ್ದಾರಿ 66 ಈಗ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥವಾಗಿದೆ. ಕಾರು ಇದ್ದವರಿಗೆ ಸುಖ. ಆದರೆ ಮನೆ ನೋಡಲು ಹೋದಾಗ ಒಮ್ಮೆ ಕಾಲ್ನಡಿಗೆಯಲ್ಲಿ ಓಡಾಡಿ. ಮೊದಲು ರಸ್ತೆ ದಾಟಿದರೆ ಸಿಗುತ್ತಿದ್ದ ಅಂಗಡಿ, ಮಸೀದಿ, ಶಾಲೆ ಈಗ ಗೋಡೆಯ ಆಚೆಗಿದೆ. ಅಂಡರ್‌ಪಾಸ್ ಹುಡುಕಿಕೊಂಡು ಸರ್ವಿಸ್ ರಸ್ತೆಯಲ್ಲಿ ಸುತ್ತಿ ಬರಬೇಕು. ವಯಸ್ಸಾದವರು ಆಚೆಯ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದಾರೆ. ರಾಜ್ಯದ ಗಡಿಯನ್ನು ಇಷ್ಟು ವರ್ಷ ದಾಟಿದವರಿಗೆ ಊರೊಳಗಿನ ರಸ್ತೆಯೇ ದಾಟಲಾಗದ ಗಡಿಯಾಗಿ ನಿಂತಿದೆ. ಆದ್ದರಿಂದ ರೈಲು ನಿಲ್ದಾಣ ಇರುವ ಬದಿಯಲ್ಲೇ, ಅಂದರೆ ಹೆದ್ದಾರಿಯ ಪಡುವಣ ಬದಿಯಲ್ಲಿ ಮನೆ ಸಿಕ್ಕಿದರೆ ಹಿಡಿಯಿರಿ. ಮತ್ತೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು, ಮನೆಯಲ್ಲಿ ಯಾರಿಗಾದರೂ ತಪ್ಪದೆ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಇದೆಯಾ ತಿಳಿಸಿ. ಇದ್ದರೆ ನಾನು ತಲಪಾಡಿಯಿಂದ ಈಚೆಗೆ ಬನ್ನಿ ಎನ್ನುವುದಿಲ್ಲ, ಕರ್ನಾಟಕದ ಬದಿಯ ತೊಕ್ಕೊಟ್ಟಿನಲ್ಲೋ ದೇರಳಕಟ್ಟೆಯಲ್ಲೋ ನೋಡಿ ಎನ್ನುತ್ತೇನೆ.